ಶ್ರೀರಂಗಪಟ್ಟಣದಿಂದ ವಾಟರ್ಲೂವರೆಗೆ: ವಿದೇಶದ ಯುದ್ಧಭೂಮಿಗಳನ್ನು ನೋಡಲು ಹೊರಟವರಿಗೆ ಸಲಹೆ ಬೇಕು

ಸರಸ್ವತಿಪುರಂ, ಮೈಸೂರು – ನಿವೃತ್ತ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ವಾಟರ್ಲೂ ಕದನ, ಮೊದಲನೆಯ ಮಹಾಯುದ್ಧದ ಕಂದಕಗಳು ಎಂದೆಲ್ಲ ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆಯೇ ಹೊರತು ಆ ನೆಲವನ್ನು ಕಣ್ಣಾರೆ ಕಂಡಿಲ್ಲ. ಬರುವ ಮೇ ತಿಂಗಳ ಕೊನೆಯಲ್ಲಿ ಯಜಮಾನರು, ಮಗಳು ಮತ್ತು ನಾನು ಎರಡು ವಾರಗಳ ಮಟ್ಟಿಗೆ ಯುರೋಪಿಗೆ ಹೊರಡಬೇಕೆಂದಿದ್ದೇವೆ. ಪ್ರವಾಸ ಸಂಸ್ಥೆಗಳು ಕೊಡುವ ಪಟ್ಟಿಗಳಲ್ಲಿ ಐಫೆಲ್ ಗೋಪುರ, ಹಿಮಶಿಖರ, ಟುಲಿಪ್ ತೋಟಗಳೆಲ್ಲ ಇವೆ, ಯುದ್ಧಭೂಮಿಗಳ ಹೆಸರೇ ಇಲ್ಲ. ಆದ್ದರಿಂದ ನಾವೇ ಯೋಜನೆ ಹಾಕಿಕೊಳ್ಳಬೇಕಾಗಿದೆ.

ನನ್ನ ಮನಸ್ಸಿನಲ್ಲಿರುವುದು ಬೆಲ್ಜಿಯಂನ ವಾಟರ್ಲೂ ಮತ್ತು ಈಪ್ರ್, ಫ್ರಾನ್ಸಿನ ಸೋಮ್ ಮತ್ತು ನಾರ್ಮಂಡಿಯ ಕಡಲತೀರ, ಜೊತೆಗೆ ಲಂಡನ್. ಇಷ್ಟನ್ನೂ ಎರಡು ವಾರದಲ್ಲಿ ನೋಡಲು ಸಾಧ್ಯವೇ? ಯಜಮಾನರಿಗೆ ಮಂಡಿನೋವಿದೆ, ಮೂವರೂ ಸಸ್ಯಾಹಾರಿಗಳು. ಹೋಗಿ ಬಂದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಗಂಜಾಂ, ಶ್ರೀರಂಗಪಟ್ಟಣ – ಕೋಟೆಯಲ್ಲಿ ಮಾರ್ಗದರ್ಶಿ

ಮೇಡಂ, ಐದೂ ಸ್ಥಳಗಳನ್ನು ನೋಡಬಹುದು, ಆದರೆ ಯಾವುದನ್ನೂ ಕಂಡಂತಾಗುವುದಿಲ್ಲ. ನಾರ್ಮಂಡಿಯನ್ನೂ ಸೋಮ್ ಅನ್ನೂ ಈ ಸಲ ಕೈಬಿಡಿ. ಅವೆರಡೂ ಹತ್ತಾರು ಮೈಲಿ ಹರಡಿಕೊಂಡ ಪ್ರದೇಶಗಳು. ವಾಹನವಿಲ್ಲದೆ, ಆತುರದಲ್ಲಿ ಹೋದರೆ ಸ್ಮಾರಕದಿಂದ ಸ್ಮಾರಕಕ್ಕೆ ಓಡಿದ ನೆನಪಷ್ಟೇ ಉಳಿಯುತ್ತದೆ. ವಾಟರ್ಲೂ, ಈಪ್ರ್, ಅದರ ಸಮೀಪದ ನವ್ ಶಪೆಲ್ ಮತ್ತು ಲಂಡನ್ ಇವಿಷ್ಟನ್ನು ಇಟ್ಟುಕೊಳ್ಳಿ. ಯುದ್ಧಭೂಮಿಯನ್ನು ನೋಡುವುದೆಂದರೆ ನೆಲವನ್ನು ಓದುವುದು. ದಿಬ್ಬ ಎಲ್ಲಿದೆ, ತಗ್ಗು ಎಲ್ಲಿದೆ, ನೀರು ಎಲ್ಲಿ ಹರಿಯುತ್ತದೆ, ನಿಂತ ಜಾಗದಿಂದ ಎದುರಾಳಿ ಎಷ್ಟು ದೂರ ಕಾಣುತ್ತಿದ್ದ ಎಂಬುದನ್ನು ಕಾಲ್ನಡಿಗೆಯಲ್ಲಿ ಅಳೆಯದಿದ್ದರೆ ಅದು ಹಸಿರು ಹೊಲವಾಗಿಯೇ ಕಾಣುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ವಾಟರ್ಲೂಗೆ ಹೋಗುವ ಮೊದಲು ಒಂದು ದಿನ ಪೂರ್ತಿ ಶ್ರೀರಂಗಪಟ್ಟಣದಲ್ಲಿ ನಡೆಯಿರಿ. ಮೈಸೂರಿನವರು ಇಲ್ಲಿಗೆ ಬಂದು ರಂಗನಾಥಸ್ವಾಮಿಯ ದರ್ಶನ ಮಾಡಿ, ಸಂಗಮದಲ್ಲಿ ಊಟ ಮುಗಿಸಿ ಹಿಂದಿರುಗುತ್ತಾರೆ. ಕೋಟೆಯ ವಾಯವ್ಯ ಮೂಲೆಯಲ್ಲಿ ಗೋಡೆ ಒಡೆದ ಜಾಗದವರೆಗೆ ಬರುವವರು ವಿರಳ. 1799ರ ಮೇ 4ರ ಮಧ್ಯಾಹ್ನ ಬ್ರಿಟಿಷರ ಸೈನ್ಯ ಕಾವೇರಿಯ ಬಂಡೆಗಲ್ಲುಗಳ ಮೇಲೆ ಹಾದು ಬಂದದ್ದು ಅಲ್ಲಿಗೇ. ಮುಂಗಾರು ಶುರುವಾಗಿ ನದಿ ತುಂಬಿದ್ದರೆ ಆ ದಾರಿಯೇ ಇರುತ್ತಿರಲಿಲ್ಲ. ಬೇಸಿಗೆಯ ಕೊನೆಯಲ್ಲಿ ಅಲ್ಲಿ ನಿಂತು ನೀರಿನ ಮಟ್ಟವನ್ನು ನೋಡಿದವರಿಗೆ ಬ್ರಿಟಿಷ್ ಸೇನಾಪತಿ ಜನರಲ್ ಹ್ಯಾರಿಸ್ ಏಕೆ ಅಷ್ಟು ಅವಸರಪಟ್ಟನೆಂಬುದನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಅದಕ್ಕೂ ಒಂದು ತಿಂಗಳ ಹಿಂದೆ, ಏಪ್ರಿಲ್ 5ರ ರಾತ್ರಿ, ಸುಲ್ತಾನ್‌ಪೇಟೆಯ ತೋಪಿನಲ್ಲಿ ಬ್ರಿಟಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ ದಾರಿ ತಪ್ಪಿ ಸೋತು ಹಿಂದೆ ಸರಿದಿದ್ದ. ಕತ್ತಲು, ಮರಗಳು, ಅಡಿಗಡಿಗೂ ನಾಲೆಗಳು, ಎದುರಿಗೆ ಟಿಪ್ಪುವಿನ ಸೈನಿಕರ ಗುಂಡು ಮತ್ತು ರಾಕೆಟ್‌ಗಳು. ಹಗಲಿನಲ್ಲಿ ಪರಿಶೀಲಿಸದ ನೆಲೆಯ ಮೇಲೆ ಇನ್ನೆಂದೂ ರಾತ್ರಿ ದಾಳಿ ಮಾಡಿಸುವುದಿಲ್ಲವೆಂದು ಆತ ಬಳಿಕ ತನ್ನ ಅಣ್ಣನಿಗೆ ಬರೆದ. ಇದೇ ವೆಲ್ಲೆಸ್ಲಿ ಹದಿನಾರು ವರ್ಷಗಳ ನಂತರ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಎದುರಿಸಿದ. ಅಲ್ಲಿ ಅವನು ಆರಿಸಿಕೊಂಡ ದಿಬ್ಬವನ್ನು ಹಿಂದಿನ ವರ್ಷವೇ ನೋಡಿ ಗುರುತಿಟ್ಟುಕೊಂಡಿದ್ದ. ಈ ಎರಡು ನೆಲಗಳನ್ನೂ ಬಲ್ಲ ಪ್ರವಾಸಿಗರು ಯುರೋಪಿನಲ್ಲಿಯೂ ಕಡಿಮೆ. ನಿಮಗೆ ಒಂದು ನೆಲ ಹದಿನೈದು ಕಿಲೋಮೀಟರ್ ದೂರದಲ್ಲಿಯೇ ಇದೆ.

ವಿದ್ಯಾನಗರ, ಮಂಡ್ಯ – ನಿವೃತ್ತ ನೀರಾವರಿ ಎಂಜಿನಿಯರ್

ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ವಾಟರ್ಲೂ ಬಗ್ಗೆ ಪ್ರಾಯೋಗಿಕವಾದ ಕೆಲವು ವಿವರಗಳನ್ನು ಸೇರಿಸುತ್ತೇನೆ.

ಯುದ್ಧ ನಡೆದದ್ದು ವಾಟರ್ಲೂ ಊರಿನಲ್ಲಲ್ಲ, ಅದರ ದಕ್ಷಿಣಕ್ಕೆ ಮೋಂ ಸೇಂ ಜಾನ್ ದಿಬ್ಬದ ಬಳಿ. ಊರಿನಲ್ಲಿರುವುದು ವೆಲ್ಲಿಂಗ್ಟನ್ ಹಿಂದಿನ ರಾತ್ರಿ ಕಳೆದ ಹೋಟೆಲು, ಅದೀಗ ವಸ್ತುಸಂಗ್ರಹಾಲಯ. ಬ್ರಸೆಲ್ಸ್‌ನಿಂದ ರೈಲಿನಲ್ಲಿ ಹೋಗುವವರು ವಾಟರ್ಲೂ ನಿಲ್ದಾಣದಲ್ಲಿ ಇಳಿಯದೆ ಮುಂದಿನ ಬ್ರೆನ್ ಲಾಲೂವರೆಗೆ ಹೋದರೆ ಯುದ್ಧಭೂಮಿ ಹತ್ತಿರವಾಗುತ್ತದೆ. ಅಲ್ಲಿಂದ ಅರ್ಧ ಗಂಟೆಯ ನಡಿಗೆ, ಮಂಡಿನೋವಿದ್ದರೆ ಟ್ಯಾಕ್ಸಿ.

ಅಲ್ಲಿ ಸಿಂಹದ ದಿಬ್ಬವೆಂಬ ಕೃತಕ ಗುಡ್ಡವೊಂದಿದೆ, ಹತ್ತಲು 226 ಮೆಟ್ಟಿಲು. ಎಲ್ಲರೂ ಮೊದಲು ಅದನ್ನೇ ಹತ್ತುತ್ತಾರೆ, ನೀವು ಹಾಗೆ ಮಾಡಬೇಡಿ. ಮೇಲಿನಿಂದ ನೋಡಿದರೆ ಇಡೀ ನೆಲ ಸಮತಟ್ಟಾಗಿ ಕಾಣುತ್ತದೆ. ವೆಲ್ಲಿಂಗ್ಟನ್ ತನ್ನ ಸೈನಿಕರನ್ನು ಮೋಂ ಸೇಂ ಜಾನ್ ದಿಬ್ಬದ ಹಿಂಬದಿಯ ಇಳಿಜಾರಿನಲ್ಲಿ ಮರೆಮಾಡಿ ನಿಲ್ಲಿಸಿದ್ದ, ಫ್ರೆಂಚರ ಫಿರಂಗಿಗಳಿಗೆ ಅವರು ನೇರವಾಗಿ ಕಾಣುತ್ತಿರಲಿಲ್ಲ. ಆ ಏರಿಳಿತ ಅರ್ಥವಾಗಬೇಕಾದರೆ ಹೊಲದ ಮಟ್ಟದಲ್ಲಿಯೇ ನಿಲ್ಲಬೇಕು. ಇನ್ನೊಂದು ಸಂಕಟವೆಂದರೆ 1820ರ ದಶಕದಲ್ಲಿ ಆ ಗುಡ್ಡ ಕಟ್ಟಲು ಬೇಕಾದ ಮಣ್ಣನ್ನು ಇದೇ ದಿಬ್ಬದಿಂದ ತೆಗೆದದ್ದರಿಂದ ವೆಲ್ಲಿಂಗ್ಟನ್ ಅವಲಂಬಿಸಿದ್ದ ನೆಲದ ಒಂದು ಭಾಗವೇ ತಗ್ಗಿಹೋಗಿದೆ. ಸ್ಮಾರಕ ಕಟ್ಟುವ ಉತ್ಸಾಹದಲ್ಲಿ ಸ್ಮರಿಸಬೇಕಾದದ್ದನ್ನೇ ಕೆಡಿಸಿದ ಇಂಥ ಉದಾಹರಣೆಗಳು ನನ್ನ ಮನಸ್ಸಿಗೆ ಬಹಳ ನೋವು ಕೊಡುತ್ತವೆ.

ಮೊದಲು ಊಗುಮೋಂ ಎಂಬ ತೋಟದ ಮನೆಗೆ ಹೋಗಿ. 1815ರ ಜೂನ್ 18ರಂದು ಹಗಲಿಡೀ ಅದರ ಗೋಡೆಗಳಿಗಾಗಿ ಹೋರಾಟ ನಡೆಯಿತು. ಕದನದ ಇನ್ನೂರನೆಯ ವರ್ಷಕ್ಕೆ, ಅಂದರೆ 2015ಕ್ಕೆ, ಅದನ್ನು ದುರಸ್ತಿ ಮಾಡಿ ತೆರೆದಿದ್ದಾರೆ. ಬಳಿಕ ಸಿಂಹದ ದಿಬ್ಬದ ಪಕ್ಕದ ನೆಲದಡಿಯ ವಸ್ತುಸಂಗ್ರಹಾಲಯ, 1912ರ ಬೃಹತ್ ವೃತ್ತಾಕಾರದ ಚಿತ್ರಪಟ, ಕೊನೆಗೆ ಮಗಳು ಮೆಟ್ಟಿಲು ಹತ್ತಲಿ, ಯಜಮಾನರು ಕೆಳಗೆ ಕುಳಿತಿರಲಿ. ಸಮಯ ಉಳಿದರೆ ಪ್ಲಾನ್ಸ್‌ನ್ವಾ ಹಳ್ಳಿಯನ್ನು ಬಿಡಬೇಡಿ. ಸಂಜೆಯ ಹೊತ್ತಿಗೆ ವೆಲ್ಲಿಂಗ್ಟನ್ನನ ಮಿತ್ರನಾದ ಬ್ಲೂಕರನ ಪ್ರಷ್ಯನ್ (ಜರ್ಮನ್) ಪಡೆ ಪೂರ್ವದಿಂದ ಬಂದು ಫ್ರೆಂಚರ ಮೇಲೆ ಬಿದ್ದದ್ದು ಅಲ್ಲಿ. ಆ ಹಳ್ಳಿಯನ್ನು ನೋಡದವರು ವೆಲ್ಲಿಂಗ್ಟನ್ ಒಬ್ಬನೇ ಗೆದ್ದನೆಂದು ನಂಬಿ ಹಿಂದಿರುಗುತ್ತಾರೆ.

ನೀರಿನ ಕೆಲಸ ಮಾಡಿದವನಾಗಿ ಒಂದು ಮಾತು: ಹಿಂದಿನ ರಾತ್ರಿ ಸುರಿದ ಮಳೆಯಿಂದ ಜೇಡಿಮಣ್ಣು ಕೆಸರಾಗಿ, ಫಿರಂಗಿಗಳನ್ನು ಎಳೆಯಲಾಗದೆ, ನೆಪೋಲಿಯನ್ ದಾಳಿಯನ್ನು ಮಧ್ಯಾಹ್ನದ ಹೊತ್ತಿನವರೆಗೆ ಮುಂದೂಡಿದ. ಆ ಗಂಟೆಗಳೇ ಪ್ರಷ್ಯನ್ನರಿಗೆ ದಾರಿ ಸವೆಸಲು ಒದಗಿದವು. ಶ್ರೀರಂಗಪಟ್ಟಣದಲ್ಲಿ ಮಳೆ ಇನ್ನೂ ಬಾರದೆ, ವಾಟರ್ಲೂನಲ್ಲಿ ಮಳೆ ಮೊದಲೇ ಬಂದು, ಎರಡೂ ಕಡೆ ವೆಲ್ಲೆಸ್ಲಿಯ ಪಕ್ಷಕ್ಕೇ ಅನುಕೂಲವಾಯಿತು.

ಮಾನಸಗಂಗೋತ್ರಿ, ಮೈಸೂರು – ಸಂಶೋಧನಾ ವಿದ್ಯಾರ್ಥಿ

ವಾಟರ್ಲೂನಲ್ಲಿ ರಾಕೆಟ್‌ಗಳ ಬಗ್ಗೆಯೂ ವಿಚಾರಿಸಿ. 1780ರ ಪೊಳ್ಳಿಲೂರಿನಂಥ ಕದನಗಳಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಬಳಸಿದ ಕಬ್ಬಿಣದ ಕೊಳವೆಯ ರಾಕೆಟ್‌ಗಳ ಅನುಭವವೇ ಇಂಗ್ಲೆಂಡಿನ ವೂಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ನಡೆಸಿದ ಪ್ರಯೋಗಗಳಿಗೆ ಹಿನ್ನೆಲೆ. ಆ ಕಾಂಗ್ರೀವ್ ರಾಕೆಟ್‌ಗಳನ್ನು ಹೊತ್ತ ತುಕಡಿಯೊಂದು ವಾಟರ್ಲೂನಲ್ಲಿ ಇತ್ತು. ಪೊಳ್ಳಿಲೂರಿನ ಭಿತ್ತಿಚಿತ್ರವನ್ನು ದರಿಯಾ ದೌಲತ್‌ನಲ್ಲಿ ನೋಡಿ ಹೋದರೆ ಈ ಕೊಂಡಿ ನಿಮಗೆ ತಾನಾಗಿಯೇ ಕಾಣುತ್ತದೆ.

ಈಪ್ರ್ ಬಗ್ಗೆ ಹೇಳಬೇಕಾದದ್ದು ಹೆಚ್ಚಿದೆ. ರೈಲ್ವೆ ಫಲಕಗಳಲ್ಲಿ ಈಪರ್ ಎಂದೇ ಇರುತ್ತದೆ, ಬ್ರಸೆಲ್ಸ್‌ನಿಂದ ಸುಮಾರು ಎರಡು ಗಂಟೆಯ ಪ್ರಯಾಣ. 1914ರ ಅಕ್ಟೋಬರ್ ಕೊನೆಯಲ್ಲಿ ಭಾರತೀಯ ಸೈನಿಕರು ಅದೇ ತಾನೇ ಹಡಗಿನಿಂದಿಳಿದು ಇಲ್ಲಿನ ಕಂದಕಗಳಿಗೆ ಬಂದರು. ಅಕ್ಟೋಬರ್ 31ರಂದು ಹೊಲೆಬೆಕೆ ಎಂಬ ಹಳ್ಳಿಯ ಬಳಿ ಸಿಪಾಯಿ ಖುದಾದಾದ್ ಖಾನ್ ತೋರಿದ ಧೈರ್ಯಕ್ಕೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಭಾರತೀಯ ಸೈನಿಕನೊಬ್ಬನಿಗೆ ಸಂದ ಮೊದಲನೆಯದು ಅದು. ಊರಿನ ಮೆನಿನ್ ಗೇಟ್ ಎಂಬ ಸ್ಮಾರಕ ದ್ವಾರದ ಮೇಲೆ ಸಮಾಧಿಯೇ ಸಿಗದ 54,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ, ಅವುಗಳಲ್ಲಿ ಭಾರತೀಯರವೂ ಇವೆ. ಪ್ರತಿದಿನ ರಾತ್ರಿ ಎಂಟು ಗಂಟೆಗೆ ಅಲ್ಲಿ ಕಹಳೆ ಊದುತ್ತಾರೆ. 1928ರಿಂದ ನಡೆದುಬಂದ ಈ ಪದ್ಧತಿ ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಊರನ್ನು ಹಿಡಿದಿದ್ದಾಗ ಮಾತ್ರ ಅಲ್ಲಿ ನಿಂತಿತ್ತು.

ಆದರೆ ನಮ್ಮವರು ತಪ್ಪದೆ ನೋಡಬೇಕಾದದ್ದು ಗಡಿಯ ಆಚೆ, ಫ್ರಾನ್ಸಿನಲ್ಲಿರುವ ನವ್ ಶಪೆಲ್. 1915ರ ಮಾರ್ಚ್ 10ರಿಂದ 13ರವರೆಗೆ ನಡೆದ ಆ ಕದನದಲ್ಲಿ ದಾಳಿಯ ಅರ್ಧಭಾಗವನ್ನು ಹೊತ್ತವರು ಭಾರತೀಯರು. 1927ರಲ್ಲಿ ಉದ್ಘಾಟನೆಯಾದ ಸ್ಮಾರಕವನ್ನು ರೂಪಿಸಿದವನು ದೆಹಲಿಯ ಸಚಿವಾಲಯ ಕಟ್ಟಡಗಳ ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್. ಸಾಂಚಿಯ ಕಟಾಂಜನವನ್ನು ನೆನಪಿಸುವ ಕಲ್ಲಿನ ಜಾಲರಿ, ಎತ್ತರದ ಕಂಬ, ಅದರ ಬುಡದಲ್ಲಿ ಎರಡು ಹುಲಿಗಳು, ಒಳಗೋಡೆಯ ಮೇಲೆ 4,700ಕ್ಕಿಂತ ಹೆಚ್ಚು ಹೆಸರುಗಳು. ಹೊಲಗಳ ನಡುವಿನ ರಸ್ತೆ ಕೂಡುವಲ್ಲಿ ಅದು ಒಂಟಿಯಾಗಿ ನಿಂತಿದೆ. ಬಸ್ಸಿನ ಅನುಕೂಲ ಇಲ್ಲವೆನ್ನುವಷ್ಟು ಕಡಿಮೆ. ಈಪ್ರ್‌ನಿಂದ ಒಂದು ದಿನದ ಮಟ್ಟಿಗೆ ಕಾರು ಅಥವಾ ಸ್ಥಳೀಯ ಮಾರ್ಗದರ್ಶಿಯನ್ನು ಗೊತ್ತು ಮಾಡಿಕೊಳ್ಳುವುದೇ ಸರಿ. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಜಾಲತಾಣದಲ್ಲಿ ರೆಜಿಮೆಂಟಿನ ಹೆಸರು, ಸೈನಿಕನ ಹೆಸರು ಕೊಟ್ಟು ಮೊದಲೇ ಹುಡುಕಿ ಬರೆದುಕೊಂಡು ಹೋದರೆ ಯಾವ ಫಲಕದ ಮುಂದೆ ನಿಲ್ಲಬೇಕೆಂಬುದು ತಿಳಿದಿರುತ್ತದೆ.

ಮಳವಳ್ಳಿ – ಕೃಷಿಕ, ಓದುಗ

ಕ್ಷಮಿಸಿ, ನನ್ನದು ಭಿನ್ನಾಭಿಪ್ರಾಯ. ಮೈಸೂರಿನವರು ಇಷ್ಟು ಹಣ ಖರ್ಚು ಮಾಡಿ ನೋಡಬೇಕಾದದ್ದು ವೆಲ್ಲಿಂಗ್ಟನ್ನನ ಗೆಲುವಿನ ಜಾಗವನ್ನೇ? ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಹೋರಾಡಿದ್ದು ಇಂದಿನ ಇಸ್ರೇಲಿನ ಹೈಫಾ ನಗರದಲ್ಲಿ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರು ಕೆಳಗಿನ ದಾರಿಯಲ್ಲಿ ನಗರದ ಕಡೆಗೆ ಕುದುರೆ ಓಡಿಸುತ್ತಿದ್ದಾಗ ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ಪಾರ್ಶ್ವ ಹತ್ತಿ, ಮೇಲಿದ್ದ ಫಿರಂಗಿಗಳನ್ನು ಹಿಡಿದರು. ಮಷಿನ್ ಗನ್‌ಗಳ ಎದುರು ಭರ್ಜಿ ಹಿಡಿದು ಗೆದ್ದ ಆ ಸವಾರರ ಊರುಗಳು ನಮ್ಮ ಸಂಸ್ಥಾನದವು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದೆಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಗೊತ್ತು?

ಮಾನಸಗಂಗೋತ್ರಿ, ಮೈಸೂರು – ಸಂಶೋಧನಾ ವಿದ್ಯಾರ್ಥಿ

ನಿಮ್ಮ ಕಳಕಳಿ ನ್ಯಾಯವಾದದ್ದು. ಮೈಸೂರು ಸಂಸ್ಥಾನದ ಪಡೆ ಹೋದದ್ದು ಈಜಿಪ್ಟ್, ಸೂಯೆಜ್ ಕಾಲುವೆ ಮತ್ತು ಪ್ಯಾಲೆಸ್ತೀನ್ ಕಡೆಗೆ, ಫ್ರಾನ್ಸಿಗಲ್ಲ. ನವ್ ಶಪೆಲ್‌ನಲ್ಲಿ ಮೈಸೂರು ಲ್ಯಾನ್ಸರ್ಸ್‌ನವರ ಹೆಸರು ಹುಡುಕಿದರೆ ನಿರಾಶೆಯಾಗುತ್ತದೆ. ಅಲ್ಲಿನ ಹೆಸರುಗಳಲ್ಲಿ ಗಡವಾಲಿಗಳು, ಗೂರ್ಖಾಗಳು, ಸಿಖ್ಖರು, ಜಾಟರು, ಪಠಾಣರು ಹೆಚ್ಚು. ಹೈಫಾದಲ್ಲಿ ಭಾರತೀಯ ಸೈನಿಕರ ಸಮಾಧಿ ಸ್ಥಳವಿದೆ. ಆದರೆ ಆ ಪ್ರದೇಶದಲ್ಲಿ ಇಂದು ಯುದ್ಧದ ಭಯ ಮುಗಿದಿಲ್ಲ. ವಿದೇಶಾಂಗ ಸಚಿವಾಲಯದ ಪ್ರಯಾಣ ಸೂಚನೆಯನ್ನು ನೋಡದೆ, ವಿಮೆಯ ಷರತ್ತುಗಳನ್ನು ಓದದೆ ಹಿರಿಯರೊಡನೆ ಅಲ್ಲಿಗೆ ಹೊರಡಿ ಎಂದು ನಾನು ಹೇಳಲಾರೆ. ಸದ್ಯಕ್ಕೆ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೆ ಹೋಗಿ ಬನ್ನಿ. ವೀಸಾ ಕೆಲಸಕ್ಕೆ ಬೆಂಗಳೂರಿಗೆ ಹೋಗಲೇಬೇಕಲ್ಲ.

ಮದ್ದೂರು – ಬ್ಯಾಂಕ್ ಉದ್ಯೋಗಿ

ವೀಸಾ ವಿಷಯ ಬಂದದ್ದರಿಂದ ಹೇಳುತ್ತೇನೆ, ನನ್ನ ಮಗಳು ಗೆಂಟ್‌ನಲ್ಲಿ ಓದುತ್ತಿದ್ದಾಗ ಈ ಓಡಾಟವನ್ನೆಲ್ಲ ಮಾಡಿದ್ದೇನೆ. ಬ್ರಿಟನ್ನಿಗೆ ಬೇರೆ ವೀಸಾ, ಬೆಲ್ಜಿಯಂ ಮತ್ತು ಫ್ರಾನ್ಸಿಗೆ ಸೇರಿ ಒಂದೇ ಷೆಂಗೆನ್ ವೀಸಾ. ಷೆಂಗೆನ್ ಅರ್ಜಿಯನ್ನು ಹೆಚ್ಚು ದಿನ ತಂಗುವ ದೇಶಕ್ಕೆ ಸಲ್ಲಿಸಬೇಕು, ನಿಮ್ಮ ವಿಷಯದಲ್ಲಿ ಅದು ಬೆಲ್ಜಿಯಂ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿ ಪರಿಶೀಲನೆಯಲ್ಲಿರುವಾಗ ಪಾಸ್‌ಪೋರ್ಟ್ ಸಾಮಾನ್ಯವಾಗಿ ಅವರ ಬಳಿಯೇ ಇರುವುದರಿಂದ ಎರಡೂ ವೀಸಾಗಳಿಗೆ ಒಟ್ಟಿಗೆ ಅರ್ಜಿ ಹಾಕುವುದು ಕಷ್ಟ. ಆದ್ದರಿಂದ ಬೇಗ ಶುರು ಮಾಡಿ.

ದಾರಿಯ ಕ್ರಮವೂ ಮುಖ್ಯ. ಮೊದಲು ಲಂಡನ್ನಿಗೆ ಇಳಿದು, ಅಲ್ಲಿಂದ ಯೂರೋಸ್ಟಾರ್ ರೈಲಿನಲ್ಲಿ ಎರಡು ಗಂಟೆಗೆ ಬ್ರಸೆಲ್ಸ್ ತಲುಪಿ, ಅಲ್ಲಿಂದಲೇ ಊರಿಗೆ ಹಿಂದಿರುಗುವ ವಿಮಾನ ಹಿಡಿಯಿರಿ. ಹೀಗೆ ಮಾಡಿದರೆ ಷೆಂಗೆನ್ ಪ್ರದೇಶವನ್ನು ಒಂದೇ ಸಲ ಪ್ರವೇಶಿಸಿದಂತಾಗುತ್ತದೆ. ನಡುವೆ ಲಂಡನ್ನಿಗೆ ಹೋಗಿ ಮತ್ತೆ ಬೆಲ್ಜಿಯಂಗೆ ಬರುವ ಯೋಜನೆಯಿದ್ದರೆ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶವಿರುವ ವೀಸಾ ಬೇಕು. ಇದನ್ನು ಗಮನಿಸದೆ ಗಡಿಯಲ್ಲಿ ತೊಂದರೆಗೆ ಸಿಲುಕಿದವರಿದ್ದಾರೆ.

ಊಟದ ಬಗ್ಗೆ: ಬೆಲ್ಜಿಯಂನಲ್ಲಿ ಎಲ್ಲೆಡೆ ಸಿಗುವ ಆಲೂಗಡ್ಡೆಯ ಕರಿದ ತುಂಡುಗಳನ್ನು ಸಾಂಪ್ರದಾಯಿಕವಾಗಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಕೇಳದೆ ತಿನ್ನಬೇಡಿ, ಸಸ್ಯಜನ್ಯ ಎಣ್ಣೆ ಬಳಸುವ ಅಂಗಡಿಗಳೂ ಇವೆ. ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಬಹುದು. ತುಪ್ಪ, ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಐರೋಪ್ಯ ಒಕ್ಕೂಟದೊಳಗೆ ತರುವುದಕ್ಕೆ ನಿಷೇಧವಿದೆ, ಅವನ್ನು ಮನೆಯಲ್ಲಿಯೇ ಬಿಡಿ.

ಕೆ.ಆರ್. ಪೇಟೆ – ನಿವೃತ್ತ ಸೈನಿಕ

ನಡವಳಿಕೆಯ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಇವು ಸ್ಮಶಾನಗಳು. ಈಪ್ರ್ ಹತ್ತಿರದ ಟೈನ್ ಕಾಟ್‌ನಲ್ಲಿ ಸುಮಾರು 12,000 ಸಮಾಧಿಗಳಿವೆ, ಅವುಗಳಲ್ಲಿ 8,000ಕ್ಕೂ ಹೆಚ್ಚು ಕಲ್ಲುಗಳ ಮೇಲೆ ಹೆಸರೇ ಇಲ್ಲ. ಅಲ್ಲಿ ಕಲ್ಲುಗಳಿಗೆ ಒರಗಿ ನಿಂತು ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನ್ನ ಕರುಳು ಹಿಂಡುತ್ತದೆ. ಮೆನಿನ್ ಗೇಟ್‌ನಲ್ಲಿ ಕಹಳೆ ಮುಗಿದ ಮೇಲೆ ಚಪ್ಪಾಳೆ ತಟ್ಟಬಾರದು, ಅದು ಸಂಗೀತ ಕಛೇರಿಯಲ್ಲ. ಹತ್ತಿರದಲ್ಲಿಯೇ ಲಾಂಗೆಮಾರ್ಕ್‌ನಲ್ಲಿ ಜರ್ಮನ್ ಸೈನಿಕರ ಸ್ಮಶಾನವಿದೆ, 44,000ಕ್ಕೂ ಹೆಚ್ಚು ಜನ ಅಲ್ಲಿ ಮಲಗಿದ್ದಾರೆ. ಅಲ್ಲಿಗೂ ಹೋಗಿ ತಲೆಬಾಗಿ ಬನ್ನಿ. ಎದುರಾಳಿಯ ಸತ್ತವನಿಗೆ ಗೌರವ ಕೊಡುವುದನ್ನು ಸೈನ್ಯವೇ ನಮಗೆ ಕಲಿಸಿದೆ.

ಇನ್ನೊಂದು ಅತಿ ಮುಖ್ಯವಾದ ಎಚ್ಚರಿಕೆ. ಈಪ್ರ್ ಇರುವ ಫ್ಲಾಂಡರ್ಸ್ ಪ್ರದೇಶ ಮತ್ತು ಉತ್ತರ ಫ್ರಾನ್ಸಿನ ಹೊಲಗಳಲ್ಲಿ ಉಳುವಾಗ ಇಂದಿಗೂ ಸಿಡಿಯದ ಗುಂಡುಗಳು ಮೇಲೆ ಬರುತ್ತವೆ, ಕೆಲವುಗಳಲ್ಲಿ ವಿಷಾನಿಲವಿರುತ್ತದೆ. ರೈತರು ಅವನ್ನು ಹೊಲದ ಅಂಚಿನಲ್ಲಿ ಇಟ್ಟು ಸೈನ್ಯದವರಿಗೆ ತಿಳಿಸುತ್ತಾರೆ. ತುಕ್ಕು ಹಿಡಿದ ಯಾವ ಕಬ್ಬಿಣವನ್ನೂ ಮುಟ್ಟಬೇಡಿ, ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳಬೇಡಿ, ಬಿತ್ತಿದ ಹೊಲದೊಳಗೆ ಕಾಲಿಡಬೇಡಿ.

ಸರಸ್ವತಿಪುರಂ, ಮೈಸೂರು – ನಿವೃತ್ತ ಶಿಕ್ಷಕಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಾರ್ಮಂಡಿ, ಸೋಮ್ ಎರಡನ್ನೂ ಬಿಟ್ಟಿದ್ದೇವೆ. ಮಳವಳ್ಳಿಯವರ ಮಾತು ಮನಸ್ಸಿಗೆ ನಾಟಿತು, ಬೆಂಗಳೂರಿನ ಸ್ಮಾರಕಕ್ಕೆ ಖಂಡಿತ ಹೋಗುತ್ತೇವೆ. ಲಂಡನ್ನಿನಲ್ಲಿ ಶ್ರೀರಂಗಪಟ್ಟಣದ ವಸ್ತುಗಳನ್ನು ಎಲ್ಲೆಲ್ಲಿ ನೋಡಬಹುದು? ವೇಲ್ಸ್‌ನ ಪೊವಿಸ್ ಕೋಟೆಯ ಹೆಸರನ್ನೂ ಕೇಳಿದ್ದೇನೆ.

ಗಂಜಾಂ, ಶ್ರೀರಂಗಪಟ್ಟಣ – ಕೋಟೆಯಲ್ಲಿ ಮಾರ್ಗದರ್ಶಿ

ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಟಿಪ್ಪುವಿನ ಮರದ ಹುಲಿಯಿದೆ, ಪ್ರವೇಶ ಉಚಿತ. ಚೆಲ್ಸಿಯ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯವೂ ಉಚಿತ. ಹೈಡ್ ಪಾರ್ಕ್ ಮೂಲೆಯ ಆ್ಯಪ್ಸ್ಲಿ ಹೌಸ್ ವೆಲ್ಲಿಂಗ್ಟನ್ನನ ಮನೆ. ಅದಕ್ಕೆ ಟಿಕೆಟ್ ಇದೆ. ಪೊವಿಸ್ ಕೋಟೆಯಲ್ಲಿ ಟಿಪ್ಪುವಿನ ಹೂವಿನ ಚಿತ್ತಾರದ ಡೇರೆಯಿದೆ. ಮದರಾಸಿನ ಗವರ್ನರಾಗಿದ್ದ ಎಡ್ವರ್ಡ್ ಕ್ಲೈವ್‌ನ ಕುಟುಂಬದ ಸಂಗ್ರಹವದು. ವೆಲ್ಶ್‌ಪೂಲ್‌ವರೆಗೆ ರೈಲಿನಲ್ಲಿ ಹೋಗಿ ಬರಲು ಒಂದು ದಿನ ಪೂರ್ತಿ ಬೇಕು. ಒಂದನ್ನೇ ಆರಿಸಿಕೊಳ್ಳಬೇಕಾದರೆ ನಾನು ಪೊವಿಸ್ ಅನ್ನೇ ಆರಿಸಿಕೊಳ್ಳುತ್ತೇನೆ. ಹುಲಿಯ ಚಿತ್ರವನ್ನು ಎಲ್ಲರೂ ಪುಸ್ತಕಗಳಲ್ಲಿ ಕಂಡಿದ್ದೇವೆ, ಆ ಡೇರೆಯ ಅಳತೆ ಎದುರಿಗೆ ನಿಲ್ಲದೆ ತಿಳಿಯುವುದಿಲ್ಲ.

ಇವನ್ನು ನೋಡುವಾಗ ನಮ್ಮ ಊರಿನಿಂದ ಲೂಟಿಯಾಗಿ ಹೋದ ವಸ್ತುಗಳೆಂಬ ಸಂಗತಿ ಮರೆಯಬಾರದು. ವಿವರಣಾ ಫಲಕಗಳನ್ನು ಪೂರ್ತಿಯಾಗಿ ಓದಿ. ವಸ್ತು ಹೇಗೆ ಅಲ್ಲಿಗೆ ಬಂತೆಂಬುದನ್ನು ಸ್ಪಷ್ಟವಾಗಿ ಬರೆದಿದ್ದಾರೋ ಇಲ್ಲವೋ ಗಮನಿಸಿ, ಬರೆದಿಲ್ಲವಾದರೆ ಸಂದರ್ಶಕರ ಪುಸ್ತಕದಲ್ಲಿ ಶ್ರೀರಂಗಪಟ್ಟಣದ ಹೆಸರು ಹಾಕಿ ಹಾಗೆಂದು ಬರೆಯಿರಿ.

ಜಯಲಕ್ಷ್ಮೀಪುರಂ, ಮೈಸೂರು – ಗೃಹಿಣಿ

ಲಂಡನ್ನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದೂರದ ಬ್ರೈಟನ್ನಿನ ರಾಯಲ್ ಪೆವಿಲಿಯನ್ನನ್ನೂ ಸೇರಿಸಿಕೊಳ್ಳಿ. ಫ್ರಾನ್ಸಿನಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೆ ಆ ಅರಮನೆಯೇ ಆಸ್ಪತ್ರೆಯಾಗಿತ್ತು. ಅಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರನ್ನು ದಹಿಸಿದ ಗುಡ್ಡದ ಮೇಲೆ 1921ರಲ್ಲಿ ಛತ್ರಿ ಸ್ಮಾರಕವನ್ನು ಕಟ್ಟಿದ್ದಾರೆ. ಅಲ್ಲಿಗೆ ಏರುದಾರಿಯಲ್ಲಿ ನಡೆದೇ ಹೋಗಬೇಕು, ಮಂಡಿನೋವಿನವರಿಗೆ ಕಷ್ಟ.

ಇಷ್ಟು ದೂರ ಹೋಗಲಾಗದವರಿಗೆ ಸಿಂಗಪುರ ಒಳ್ಳೆಯದು. ಅಲ್ಲಿನ ಎರಡನೆಯ ಮಹಾಯುದ್ಧದ ಕ್ರಾಂಜಿ ಸ್ಮಾರಕದ ಗೋಡೆಗಳ ಮೇಲಿನ 24,000ಕ್ಕೂ ಹೆಚ್ಚು ಹೆಸರುಗಳಲ್ಲಿ ಭಾರತೀಯರವು ಬಹಳ.

ಸರಸ್ವತಿಪುರಂ, ಮೈಸೂರು – ನಿವೃತ್ತ ಶಿಕ್ಷಕಿ

ಹಾಗಾದರೆ ಕ್ರಮ ಹೀಗೆ: ಮೊದಲು ಲಂಡನ್, ನಡುವೆ ಒಂದು ದಿನ ಪೊವಿಸ್, ಇನ್ನೊಂದು ದಿನ ಬ್ರೈಟನ್, ಆಮೇಲೆ ಬ್ರಸೆಲ್ಸ್ ಮತ್ತು ವಾಟರ್ಲೂ, ಕೊನೆಯಲ್ಲಿ ಈಪ್ರ್, ನವ್ ಶಪೆಲ್. ಈಪ್ರ್‌ಗೆ ಬ್ರಸೆಲ್ಸ್‌ನಿಂದಲೇ ಹೋಗಿ ಅದೇ ದಿನ ಹಿಂದಿರುಗಬಹುದೇ, ಅಥವಾ ಅಲ್ಲಿಯೇ ತಂಗಬೇಕೇ?

ಮಾನಸಗಂಗೋತ್ರಿ, ಮೈಸೂರು – ಸಂಶೋಧನಾ ವಿದ್ಯಾರ್ಥಿ

ಅಲ್ಲಿಯೇ ತಂಗಿ. ಕಹಳೆ ಎಂಟು ಗಂಟೆಗಾದ್ದರಿಂದ ಅದನ್ನು ಮುಗಿಸಿ ಬ್ರಸೆಲ್ಸ್‌ನ ರೈಲು ಹಿಡಿಯುವ ಧಾವಂತ ಹಿರಿಯರಿಗೆ ಬೇಡ. ಊರಿನೊಳಗೆ ಕೋಣೆ ಹಿಡಿದರೆ ಮೆನಿನ್ ಗೇಟ್, ಜವಳಿ ಭವನದ ವಸ್ತುಸಂಗ್ರಹಾಲಯ, ಕೋಟೆಗೋಡೆಯ ಮೇಲಿನ ಭಾರತೀಯ ಸ್ಮಾರಕ ಮೂರೂ ಕಾಲ್ನಡಿಗೆಯ ದೂರದಲ್ಲಿರುತ್ತವೆ. ಕಹಳೆಗೆ ಅರ್ಧ ಗಂಟೆ ಮೊದಲೇ ಹೋದರೆ ಮುಂದಿನ ಸಾಲಿನಲ್ಲಿ ಜಾಗ ಸಿಗುತ್ತದೆ. ಮೇ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಯ ಹೊತ್ತಿಗೂ ಬೆಳಕಿರುವುದರಿಂದ ಅದು ಮುಗಿದ ಮೇಲೆ ಕೋಟೆಗೋಡೆಯ ಮೇಲೆ ನಿಧಾನವಾಗಿ ನಡೆದು ಬರಬಹುದು. ನವ್ ಶಪೆಲ್‌ಗೆ ಮರುದಿನ ಬೆಳಿಗ್ಗೆಯೇ ಹೊರಡಿ, ಗಡಿ ದಾಟುವುದರಿಂದ ಪಾಸ್‌ಪೋರ್ಟ್ ಜೊತೆಯಲ್ಲಿರಲಿ.